ಕಮಲಾಪುರದ ಬಸ್ಸು ಬರದ ಶಾಲೆ

“ಈ ಸಾಲಿಗೆ ಕಮಲಾಪುರದ ಹುಡುಗರು ಬರ್ತಾರೇನ್ರಿ?”

ಪ್ರೀತಿ ಕೇಳಿದ ಮೊದಲ ಪ್ರಶ್ನೆಯೇ ಅದು. ಶುಲ್ಕದ ಮಾತಿಲ್ಲ, ಮೈದಾನದ ಮಾತಿಲ್ಲ. ಕೋಟೆಯ ಹತ್ತಿರದ ಆ ಶಾಲೆಯ ಗುಮಾಸ್ತ ಹೆಮ್ಮೆಯಿಂದಲೇ ಹೇಳಿದ, “ಬರ್ತಾರ್ರಿ. ನಮ್ಮ ಬಸ್ಸು ದಿನಾ ಹೋಗ್ತದ.” ಪ್ರೀತಿ ಮಗಳ ಕೈ ಹಿಡಿದು ಎದ್ದುಬಿಟ್ಟಳು.

ಹೊರಗೆ ಹುಸೇನ ಆಟೋಕ್ಕೆ ಒರಗಿ ನಿಂತಿದ್ದ. ಬಾಡಿಗೆ ಮನೆ ಕೊಡಿಸುವುದು ಅವನ ಕಸುಬು.

“ಅಕ್ಕೋರ, ಖರೇ ಹೇಳ್ರಿ. ಮನಿ ನೋಡಾಕ ಬಂದೀರೋ, ಬಸ್ಸಿನ ಟೈಮು ನೋಡಾಕ ಬಂದೀರೋ?”

“ಎರಡೂ.”

“ನೀರಿಲ್ಲಂತ ಮನಿ ಬಿಟ್ಟೋರ್ನ ನೋಡೀನಿ. ವಾಸ್ತು ಸರಿಯಿಲ್ಲಂತ ಬಿಟ್ಟೋರ್ನ ನೋಡೀನಿ. ಒಂದು ಊರಿನ ಹೆಸರು ಕೇಳಿ ಓಡೋರು ನೀವ ಮೊದಲ ನೋಡ್ರಿ.”

ಪ್ರೀತಿ ನಗಲಿಲ್ಲ. ಎಂಟು ವರ್ಷದ ನೀಲಾ ನಕ್ಕಳು.

ಗಂಡ ಅರುಣಕುಮಾರನಿಗೆ ಬಳ್ಳಾರಿಯಿಂದ ಮತ್ತೆ ಕಲಬುರಗಿಗೇ ವರ್ಗವಾಗಿತ್ತು. ಮದುವೆಯಾದ ಹೊಸತರಲ್ಲಿ ಅವರು ಸಂಸಾರ ಹೂಡಿದ ಊರು. ನೀಲಾ ಹುಟ್ಟಿದ ಊರು. ವರ್ಗದ ಸುದ್ದಿ ಬಂದ ದಿನ ಪ್ರೀತಿ ಊಟ ಬಿಟ್ಟಿದ್ದಳು. ಯಾಕೆಂದು ಅರುಣಕುಮಾರ ಕೇಳಲಿಲ್ಲ. ಅವನಿಗೆ ಗೊತ್ತಿತ್ತು.

ಕಲಬುರಗಿಗೆ ಹತ್ತಿರದ ಕಮಲಾಪುರದಲ್ಲಿ ಅವಳ ಅಕ್ಕ ಚಂದಮ್ಮನ ಮನೆ, ಕೆಂಪು ಬಾಳೆಯ ತೋಟ. ಎಂಟು ವರ್ಷದ ಹಿಂದೆ ಅಕ್ಕನ ಕೈಮೇಲೆ ಕೈಯಿಟ್ಟು ಪ್ರೀತಿ ಮಾತು ಕೊಟ್ಟಿದ್ದಳು: ಇನ್ನು ನಿನ್ನ ಹೊಸಿಲು ತುಳಿಯುವುದಿಲ್ಲ, ನಿನ್ನ ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಪಂಚಮಿಗೂ ಹೋಗಲಿಲ್ಲ. ಅಕ್ಕನ ಜೊತೆಗಿದ್ದ ಅವ್ವ ಜಾರಿಬಿದ್ದು ಕಾಲು ಮುರಿದುಕೊಂಡಾಗಲೂ ಹೋಗಲಿಲ್ಲ. ತೋಟದ ಪಾಲಿಗಾಗಿ ಅಕ್ಕತಂಗಿ ಮುಖ ಮುರಿದುಕೊಂಡಿದ್ದಾರೆ ಎಂದು ಬೀಗರು ಆಡಿಕೊಂಡರು. ಪ್ರೀತಿ ಯಾರನ್ನೂ ತಿದ್ದಲಿಲ್ಲ.

ಸೂಪರ್ ಮಾರ್ಕೆಟ್‌ನಲ್ಲಿ ಬಳೆಯಂಗಡಿಯ ಅಕ್ಬರಿ ಬೇಗಂ ನೀಲಾಳನ್ನು ನೋಡಿ ಕೂಗಿದಳು, “ಏನವ್ವಾ, ಹೋದ ವಾರ ಒಯ್ದ ಬಳಿ ಆಗಲೇ ಒಡದು ಬಂದ್ಯಾ?”

“ನಾ ಒಯ್ದಿಲ್ಲ,” ಎಂದಳು ನೀಲಾ.

“ಸುಳ್ಳಿ! ಹಸಿರು ಬ್ಯಾಡ, ಕೆಂಪ ಬೇಕು ಅಂತ ಹಟ ಹಿಡಿದಾಕಿ ಯಾರು, ನಾನೇನು?”

“ವ್ಯಾಪಾರದೋರು ಹಿಂಗ ಮಾತಾಡ್ತಾರ, ನಡಿ,” ಎಂದು ಪ್ರೀತಿ ಮಗಳನ್ನು ಎಳೆದುಕೊಂಡು ಹೊರಟಳು. ಆ ಸಂಜೆಯೇ ನೀಲಾಳ ಉದ್ದ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದಳು. ಹೇನಾಗಿವೆ ಎಂದಳು. ಅರುಣಕುಮಾರ ಒಮ್ಮೆ ಮಗಳ ಮುಖ ನೋಡಿದ, ಒಮ್ಮೆ ಹೆಂಡತಿಯ ಮುಖ ನೋಡಿದ, ಎದ್ದು ಹೊರಗೆ ಹೋದ.

ಹುಸೇನ ತೋರಿಸಿದವುಗಳಲ್ಲಿ ಊರಂಚಿನ ಕುಸನೂರಿನ ಮನೆ ಮನಸ್ಸಿಗೆ ಬಂತು. ಬೆಳಕಿತ್ತು, ನೀರಿತ್ತು, ನಡೆದುಹೋಗುವಷ್ಟು ದೂರದಲ್ಲಿ ಹೊಸ ಶಾಲೆಯಿತ್ತು. ಪ್ರೀತಿ ಅವ್ವನಿಗೆ ಫೋನು ಮಾಡಿದಳು.

“ಕುಸನೂರ ಕಡೆ ಮನಿ ಮಾಡಾಕತ್ತೀವಿ. ಅಕ್ಕಗೂ ಹೇಳು.”

“ಆಕಿ ಬಾಜೂಕ ಕುಂತಾಳ. ಮಾತಾಡ್ತೀಯೇನು?” ಎಂದಳು ಅವ್ವ ಅಂಬಮ್ಮ. ಫೋನು ಕೈ ಬದಲಾಯಿಸಿದ ಸದ್ದು. ಯಾರೋ ಉಸಿರೆಳೆದುಕೊಂಡರು. ಮತ್ತೆ ಅವ್ವನದೇ ದನಿ: “ಚಾ ಉಕ್ಕಾಕತ್ತದಂತ ಒಳಗ ಹ್ವಾದ್ಲು.”

“ಆರಾಮ ಅದಾಳಲ್ಲ?”

“ಎಲ್ಲಾರೂ ಆರಾಮ ಅದಾರ.”

“ಎಲ್ಲಾರೂ?”

“ಎಲ್ಲಾರೂ, ಪ್ರೀತಿ. ಹೊಟ್ಟಿತುಂಬ ಉಂಡು, ಮನಿತುಂಬ ಓಡ್ಯಾಡಿಕೊಂಡು ಅದಾರ. ಸಾಕಲ್ಲ?”

ಪ್ರೀತಿ ಫೋನು ಇಟ್ಟಳು.

ಮರುವಾರ ಮುಂಗಡ ಕೊಡಲು ಹೋದಾಗ, ಆ ಹೊಸ ಶಾಲೆಯ ಗೇಟಿನಲ್ಲಿ ವ್ಯಾನೊಂದು ನಿಂತಿತ್ತು. ಈ ವರ್ಷದಿಂದ ಕಮಲಾಪುರಕ್ಕೂ ಬಿಟ್ಟಿದ್ದಾರೆ ಎಂದ ಕಾವಲುಗಾರ.

“ನಡೀರಿ,” ಎಂದಳು ಪ್ರೀತಿ.

“ಎಲ್ಲಿಗ್ರಿ ಅಕ್ಕೋರ?” ಹುಸೇನನ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ.

“ಆ ವ್ಯಾನು ಮುಟ್ಟದ ಕಡೆ.”

ಅಂಥ ಮನೆ ಸಿಕ್ಕಿದ್ದು ಊರಿನ ಇನ್ನೊಂದು ತುದಿಗೆ, ಜೇವರ್ಗಿ ರಸ್ತೆಯ ಆಚೆ. ಎರಡು ಕೋಣೆ, ಕತ್ತಲೆ ಅಡುಗೆಮನೆ. ಹತ್ತಿರದಲ್ಲಿ ತಗಡಿನ ಸೂರಿನ ಸಣ್ಣ ಶಾಲೆ. ಅದಕ್ಕೆ ಬಸ್ಸೇ ಇಲ್ಲ. ಪ್ರೀತಿ ಒಪ್ಪಿಕೊಂಡಳು. ಅಡುಗೆಮನೆಯಲ್ಲಿ ನಿಂತು ಕಮಲಾಪುರ ಯಾವ ದಿಕ್ಕಿಗೆ ಎಂದು ಅಂದಾಜು ಮಾಡಿದಳು. ಆ ಕಡೆಯ ಗೋಡೆಗೆ ಕಿಟಕಿ ಇರಲಿಲ್ಲ. ಬೇಕಾದದ್ದೂ ಅದೇ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಆ ಗೋಡೆಯ ಮುಂದಿನಿಂದ ಸರಿಯಲು ಹೊತ್ತು ಹಿಡಿಯಿತು.

ಮನೆ ಬದಲಾದದ್ದನ್ನು ಅವ್ವನಿಗೆ ಹೇಳಲಿಲ್ಲ. ಶಾಲೆಯ ಕೆಲಸ ಮುಗಿಸಿ ಹೇಳಿದರಾಯಿತು.

ಸೋಮವಾರ ನೀಲಾಳನ್ನು ಕರೆದುಕೊಂಡು ಶಾಲೆಗೆ ಹೋದಳು. ಮುಖ್ಯೋಪಾಧ್ಯಾಯಿನಿ ತಲೆಯೆತ್ತಿದವರೇ ನೀಲಾಳನ್ನು ಗದರಿದರು.

“ಏ ಪೋರಿ! ಈಗ ಕ್ಲಾಸಿನ್ಯಾಗ ಕುಂಡ್ರಿಸಿ ಬಂದೀನಿ, ಇಲ್ಲಿ ಹೆಂಗ ಬಂದಿ? ಜಡಿ ಎಲ್ಲಿ ಹೋತು?”

ಪ್ರೀತಿಯ ಕೈ ಮಗಳ ಭುಜದ ಮೇಲೆ ಬಿಗಿಯಾಯಿತು. “ಇಕಿ… ಇವತ್ತ ಬಂದಾಳ್ರಿ.”

“ನನಗೇನು ಕಣ್ಣು ಕಾಣಂಗಿಲ್ಲೇನ್ರಿ? ಮೊನ್ನೆ ಹೆಸರು ಹಚ್ಚಿವಿ. ತಾಯಿ ಕಮಲಾಪುರದಾಕಿ. ತೋಟ ಗಂಡಗ ಬಿಟ್ಟು, ಇಲ್ಲಿ ಖೋಲಿ ಹಿಡದಾಳ. ಛಲೋ ಸಾಲಿ ಬಿಡಿಸಿ ಇಷ್ಟು ದೂರ ಯಾಕವ್ವಾ ಅಂದ್ರ, ‘ನನ್ನ ತಂಗಿ ಕುಸನೂರ ಕಡೆ ಬರಾಕತ್ತಾಳ್ರಿ. ಪಾಪ, ಆಕಿ ಜೀವಕ್ಕ ತ್ರಾಸ ಆಗಬಾರದು’ ಅಂತ ಅತ್ತಳು.”

ಅಷ್ಟರಲ್ಲಿ ಯಾರೋ ಬಾಗಿಲಿಗೆ ಬಂದರು. ಪ್ರೀತಿ ತಿರುಗಿದಳು. ಎರಡು ಜಡೆ ಹಾಕಿಕೊಂಡ ನೀಲಾ ಅಲ್ಲಿ ನಿಂತಿದ್ದಳು.

ಅವಳಿಗಳಲ್ಲಿ ಮೊದಲು ಹುಟ್ಟಿದವಳು, ಮಕ್ಕಳಿಲ್ಲದ ಅಕ್ಕನ ಉಡಿಯಲ್ಲಿ ಪ್ರೀತಿ ತನ್ನ ಕೈಯಾರೆ ಹಾಕಿದ ಮಗಳು, ನೀಲಾಳನ್ನು ಕಣ್ಣರಳಿಸಿ ನೋಡಿ, ಹೆತ್ತವ್ವನ ಕಡೆ ತಿರುಗಿ ಕೇಳಿದಳು, “ಆಂಟಿ, ಇಕಿ ನನ್ನ ಮಾರಿ ಯಾಕ ಹಾಕ್ಕೊಂಡಾಳ್ರಿ?”