ಸೋಮಾರಿತನಕ್ಕೊಂದು ಸರ್ಟಿಫಿಕೇಟು

ಮಗಳು ನಿಜವಾಗಿ ನಿದ್ದೆ ಹೋಗಿದ್ದಾಳೋ ನಟಿಸುತ್ತಿದ್ದಾಳೋ ಎಂದು ಪತ್ತೆ ಹಚ್ಚಲು ಸೂಪರ್‌ವೈಸರು ಅವಳ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಇಪ್ಪತ್ತು ನಿಮಿಷವಾಗಿತ್ತು. ರಜಾದಿನ, ಬೆಳಗಿನ ಹನ್ನೊಂದು ಗಂಟೆ. ಹದಿನಾರರ ಹುಡುಗಿ ಮಿಸುಕಲಿಲ್ಲ.

“ನಟನೆಯಲ್ಲಿ ಒಳ್ಳೆ ಭವಿಷ್ಯ ಇದೆ ಇವಳಿಗೆ,” ಎಂದು ಹೆಂಡತಿಗೆ ವರದಿ ಒಪ್ಪಿಸಿದರು.

ಸೋಮಾರಿಗಳನ್ನು ಹಿಡಿಯುವುದೇ ಅವರ ಹೊಟ್ಟೆಪಾಡು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ನಾಲ್ಕು ಸಾಲು ಹೊಲಿಗೆ ಯಂತ್ರಗಳು ಅವರ ಸುಪರ್ದಿನಲ್ಲಿದ್ದವು. ಉಳಿದ ಸೂಪರ್‌ವೈಸರುಗಳು ದಿನವಿಡೀ ಸಾಲುಗಳ ನಡುವೆ ಗಾಣದೆತ್ತಿನಂತೆ ಸುತ್ತುತ್ತಿದ್ದರೆ, ಇವರು ಗೋಡೆಗೆ ಎರಡು ದೊಡ್ಡ ಕನ್ನಡಿ ಹಾಕಿಸಿ, ಕೂತಲ್ಲಿಂದಲೇ ನಾಲ್ಕೂ ಸಾಲು ಕಾಣುವ ಹಾಗೆ ಮಾಡಿಕೊಂಡಿದ್ದರು. ಯಾರ ಕೈ ಅರೆಗಳಿಗೆ ನಿಂತರೂ ಕುರ್ಚಿಯಿಂದಲೇ ಗದರಿಕೆ ಹೊರಡುತ್ತಿತ್ತು. ಸಂಜೆಯಾಗುತ್ತಿದ್ದಂತೆ ಎಡಗಣ್ಣು ಅರ್ಧ ಮುಚ್ಚಿ ಅವರು ಬೀರುತ್ತಿದ್ದ ಅನುಮಾನದ ನೋಟಕ್ಕಂತೂ ಹಳೇ ಹೊಲಿಗೆಯವರೂ ಬೆವರುತ್ತಿದ್ದರು. ಈ ಬುದ್ಧಿವಂತಿಕೆಗೆ ಮೆಚ್ಚಿ ಆಡಳಿತದವರು ಒಂದು ಮೆತ್ತನೆಯ ಕುರ್ಚಿಯನ್ನೂ ದಯಪಾಲಿಸಿದ್ದರು.

ಅಂಥವರಿಗೆ ಇಂಥ ಮಗಳು. ಎಂಟು ತಿಂಗಳಿಂದ ಅವಳಿಗೆ ಸುಸ್ತು. ಶಾಲೆಯ ಓಟದಲ್ಲಿ ಮೊದಲು ಬರುತ್ತಿದ್ದವಳು ಈಗ ಬೂಟು ಬಿಚ್ಚುವ ಮೊದಲೇ ಹಾಸಿಗೆಗೆ ಬೀಳುತ್ತಿದ್ದಳು.

ಮೊದಲ ಡಾಕ್ಟರು “ಬೆಳೆಯೋ ವಯಸ್ಸು” ಎಂದರು. ಎರಡನೆಯವರು ಮೊಬೈಲ್ ಕಿತ್ತುಕೊಳ್ಳಲು ಹೇಳಿದರು. ಕಿತ್ತುಕೊಂಡದ್ದಾಯಿತು, ಸುಸ್ತು ಮಾತ್ರ ಅವಳ ಬಳಿಯೇ ಉಳಿಯಿತು. ಮೂರನೆಯವರು ಮುಖವನ್ನೇ ನೋಡದೆ ಟಾನಿಕ್ ಬರೆದರು. ರಕ್ತ, ಥೈರಾಯ್ಡ್, ಹೃದಯ ಎಲ್ಲ ನಾರ್ಮಲ್. ಒಂದೊಂದು ‘ನಾರ್ಮಲ್’ ಬಂದಾಗಲೂ ಸೂಪರ್‌ವೈಸರು ಕೇಸು ಗೆದ್ದ ವಕೀಲರಂತೆ ಅದನ್ನು ಗಟ್ಟಿಯಾಗಿ ಓದುತ್ತಿದ್ದರು.

ಹೆಂಡತಿ ವಾದಕ್ಕಿಳಿಯಲಿಲ್ಲ. ಬಚ್ಚಲಲ್ಲಿ ಒಂದು ಸ್ಟೂಲು ಇಟ್ಟಳು. ಮಗಳ ಗೆಳತಿಯರ ಮನೆಗೆ ಹೋಗಿ ತಪ್ಪಿದ ಪಾಠಗಳ ನೋಟ್ಸು ತಂದಳು. ಹೊಸ ಡಾಕ್ಟರ ಹೆಸರು ಕಿವಿಗೆ ಬಿದ್ದಾಗಲೆಲ್ಲ ಫೈಲು ಎತ್ತಿಕೊಂಡು ಹೊರಟಳು.

“ಅವಳು ಸುಸ್ತು ಅಂದ್ರೆ ಸುಸ್ತು ಕಣ್ರೀ. ನನಗೆ ಅಷ್ಟು ಸಾಕು.”

“ನಿನಗೆ ಸಾಕು. ಶಾಲೆಯವರಿಗೆ ಸರ್ಟಿಫಿಕೇಟ್ ಬೇಕು.”

ಅದು ನಿಜ. ತಿಂಗಳ ಕೊನೆಯೊಳಗೆ ಕಾಯಿಲೆಯ ಹೆಸರು ಬರೆದು ಕೊಡದಿದ್ದರೆ ಹಾಜರಿಯಿಂದ ಹುಡುಗಿಯ ಹೆಸರು ಹೊಡೆದುಹಾಕುವುದಾಗಿ ಮುಖ್ಯೋಪಾಧ್ಯಾಯಿನಿ ಪತ್ರ ಕಳಿಸಿದ್ದರು. ಸೂಪರ್‌ವೈಸರು ಅಷ್ಟರಲ್ಲೇ ಒಂದು ವಸತಿಶಾಲೆ ನೋಡಿಟ್ಟಿದ್ದರು. ಅಲ್ಲಿ ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಮೈದಾನ ಸುತ್ತಿಸುತ್ತಿದ್ದರು.

ಆರನೆಯ ಡಾಕ್ಟರು ನರರೋಗ ತಜ್ಞೆ. ಹುಡುಗಿಯ ಕೈಗೆ ಸಣ್ಣಗೆ ಕರೆಂಟು ಹಾಯಿಸಿ ಪರೀಕ್ಷೆ ಮಾಡಿದರು. ಆಮೇಲೆ, “ಮನೇಲಿ ಇನ್ಯಾರಿಗಾದ್ರೂ ಹೀಗೆ ಆಗಿತ್ತಾ?” ಎಂದು ಕೇಳಿದರು.

“ನಮ್ಮ ವಂಶದಲ್ಲಿ ಸುಸ್ತು ಅನ್ನೋ ಪದವೇ ಇಲ್ಲ ಡಾಕ್ಟ್ರೇ,” ಎಂದರು ಸೂಪರ್‌ವೈಸರು, ಮಗಳು ಬಾಯಿ ತೆರೆಯುವ ಮೊದಲೇ.

ತಜ್ಞೆ ಅವರನ್ನು ನಯವಾಗಿ ಹೊರಗೆ ಕೂರಿಸಿ, ಹುಡುಗಿಯೊಂದಿಗೆ ಹತ್ತು ನಿಮಿಷ ಮಾತಾಡಿದರು. ಎರಡು ವಾರ ಬಿಟ್ಟು ಬರಲು ಹೇಳಿದರು.

ಆ ಎರಡನೇ ವಾರದಲ್ಲಿ ಸೂಪರ್‌ವೈಸರಿಗೆ ನಿಧಿ ಸಿಕ್ಕಿತು. ಮಗಳ ದಿಂಬಿನಡಿ ಒಂದು ನೋಟ್‌ಬುಕ್. ಅವಳದೇ ದುಂಡು ಅಕ್ಷರ.

‘ಸೋಮವಾರ. ಎಂಟನೇ ಮೆಟ್ಟಿಲಲ್ಲಿ ನಿಂತದ್ದು. ಚಪ್ಪಲಿ ಸರಿಮಾಡಿಕೊಳ್ಳುವ ನೆಪ. ಬುಧವಾರ. ತಲೆ ಬಾಚುವಾಗ ಎರಡು ಸಲ ಕೈ ಇಳಿಸಿದ್ದು. ಬಾಚಣಿಗೆ ಒರೆಸುವ ನೆಪ. ಶುಕ್ರವಾರ. ಅಗಿದೂ ಅಗಿದೂ ಅರ್ಧಕ್ಕೆ ಊಟ ಬಿಟ್ಟದ್ದು. ಹಸಿವಿಲ್ಲ ಎಂಬ ಸುಳ್ಳು.’

“ನೆಪ! ಸುಳ್ಳು! ಅವಳ ಕೈಯಾರೆ ಬರೆದಿದಾಳೆ!” ಅವರ ಸಂತೋಷ ಹೇಳತೀರದು. ನೋಟ್‌ಬುಕ್ ಅನ್ನು ಕವರಿಗೆ ಹಾಕಿ ಜೋಪಾನ ಮಾಡಿದರು. ವಸತಿಶಾಲೆಗೆ ಫೋನು ಮಾಡಿ ಒಂದು ಹಾಸಿಗೆಯನ್ನೂ ಕಾದಿರಿಸಿದರು.

ಗೊತ್ತುಮಾಡಿದ ದಿನ, ಕೂರುವ ಮೊದಲೇ ಅದನ್ನು ತಜ್ಞೆಯ ಮೇಜಿನ ಮೇಲಿಟ್ಟರು. “ನಿಮ್ಮ ಟೈಮ್ ವೇಸ್ಟ್ ಆಗಬಾರದು ನೋಡಿ. ತಪ್ಪೊಪ್ಪಿಗೆ ಇದೆ.”

ಮಗಳ ಮುಖ ಬಿಳುಚಿತು. ಹೆಂಡತಿ ಮಗಳ ಭುಜದ ಮೇಲೆ ಕೈಯಿಟ್ಟಳು. ತಜ್ಞೆ ಪ್ರತಿ ಪುಟವನ್ನೂ ಓದಿದರು. ನಗಲಿಲ್ಲ. ಮತ್ತೊಮ್ಮೆ ಮೊದಲಿನಿಂದ ಓದಿದರು.

“ಮಗು ಸುಳ್ಳು ಹೇಳ್ತಿಲ್ಲ,” ಎಂದರು. “ಮೆದುಳಿನ ಮಾತು ನರದ ತನಕ ಬರುತ್ತೆ, ಸ್ನಾಯುವಿಗೆ ದಾಟೋ ಹೊತ್ತಿಗೆ ಸೋತುಹೋಗುತ್ತೆ. ಸ್ವಲ್ಪ ಕೆಲಸ ಮಾಡಿದ್ರೂ ಮೈ ಕೈಕೊಡುತ್ತೆ. ಹುಟ್ಟಿನಿಂದಲೇ ಬಂದಿದ್ದು, ಅಪ್ಪನ ಕಡೆಯಿಂದಲೋ ಅಮ್ಮನ ಕಡೆಯಿಂದಲೋ; ಕೆಲವರಲ್ಲಿ ತಡವಾಗಿ ಕಾಣಿಸಿಕೊಳ್ಳುತ್ತೆ. ಔಷಧಿ ಇದೆ. ಶಾಲೆಗೆ ಇವತ್ತೇ ಬರೆದು ಕೊಡ್ತೀನಿ.”

ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಹೆಂಡತಿ ಗಟ್ಟಿಯಾಗಿ ಅತ್ತಳು. ಸೂಪರ್‌ವೈಸರು ಅವಳತ್ತ ತಿರುಗಿ, “ನಿನ್ನ ತವರಿನವರನ್ನು ನೋಡಿದಾಗಲೇ ನನಗೆ ಅನುಮಾನ ಇತ್ತು,” ಎಂದರು. ಆದರೂ ಅವರಿಗೆ ಸಮಾಧಾನವಾಗಲಿಲ್ಲ. ನೋಟ್‌ಬುಕ್ ಕಡೆ ಬೆರಳು ಮಾಡಿದರು. “ಕಾಯಿಲೆ ಅಂತೀರಿ, ಸರಿ. ಹಾಗಾದ್ರೆ ಇದೇನು? ಪುಟಪುಟಕ್ಕೂ ನೆಪ ಅಂತ ಯಾಕೆ ಬರೆದಿದಾಳೆ?”

“ಬರೆಯೋಕೆ ಹೇಳಿದ್ದು ನಾನೇ,” ಎಂದ ತಜ್ಞೆ ಹುಡುಗಿಯ ಕಡೆ ನೋಡಿದರು. “ನೀನೇ ಹೇಳ್ತೀಯಾ?”

ಹುಡುಗಿ ಅಪ್ಪನ ಕೈ ಹಿಡಿದುಕೊಂಡಳು.

“ಅದರಲ್ಲಿ ಬರೆದಿರೋದು ನನ್ನ ವಿಷಯ ಅಲ್ಲ ಅಪ್ಪ, ನಿಮ್ಮದು.”