ಹಾರ ಹಾಕಿಸಿಕೊಂಡ ಆಕ್ಸಲ್

ದೇವಿಯ ಪಟದ ಮುಂದೆ ಮಲಗಿಸಿದ್ದ ಎರಡು ಆಕ್ಸಲ್‌ಗಳ ಮೇಲಿನ ಚೆಂಡುಹೂವಿನ ಹಾರವನ್ನು ಚಾಮಯ್ಯ ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ. ಬನ್ನಿಮಂಟಪದ ಆ ವರ್ಕ್‌ಶಾಪಿನಲ್ಲಿ ನರಪಿಳ್ಳೆ ಇರಲಿಲ್ಲ. ಆಯುಧಪೂಜೆ ಮುಗಿಸಿ ಎಲ್ಲರೂ ಹೋಳಿಗೆ ಊಟಕ್ಕೆ ಹೋಗಿದ್ದರು. ಅಂದು ಸ್ಪ್ಯಾನರ್ ಮುಟ್ಟಬಾರದೆಂಬುದು ಅವನಿಗೂ ಗೊತ್ತಿತ್ತು. ಮುಟ್ಟಿದ.

ಹೊಟ್ಟೆಕಿಚ್ಚಿಗೆ ಹಬ್ಬ ಹರಿದಿನ ಎಲ್ಲಿಯದು? ಯುದ್ಧ ಮುಗಿದ ಮೇಲೆ ಮಿಲಿಟರಿಯವರ ಹರಾಜಿನಲ್ಲಿ ಚಾಮಯ್ಯನೂ ಗೋವಿಂದರಾಜುವೂ ಒಂದೇ ದಿನ, ಒಂದೇ ಮಾದರಿಯ ಪಿಕಪ್ ಕೊಂಡಿದ್ದರು. ಇಬ್ಬರೂ ಹೊಡೆದದ್ದು ಅದೇ ಮರಳು, ಅದೇ ಇಟ್ಟಿಗೆ. ಆದರೆ ಗೋವಿಂದರಾಜುವಿನ ಮನೆಗೆ ತಾರಸಿ ಬಂತು, ಚಾಮಯ್ಯನ ಹೆಂಚು ಸೋರುತ್ತಲೇ ಇತ್ತು. ಗೋವಿಂದರಾಜು ಮುಟ್ಟಿದ್ದೆಲ್ಲ ಚಿನ್ನ ಎಂದು ಚಾಮಯ್ಯನ ಹೆಂಡತಿ ಶಿವನಂಜಮ್ಮ ಒಮ್ಮೆ ಅಂದದ್ದು ಅವನಿಗೆ ಇಂದಿಗೂ ಮುಳ್ಳಾಗಿ ಚುಚ್ಚುತ್ತಿತ್ತು.

ಈಗ ಹೂಟಗಳ್ಳಿಯಲ್ಲಿ ಕಾರ್ಖಾನೆಯೊಂದು ಏಳುತ್ತಿತ್ತು. ವಿಜಯದಶಮಿಯ ಮರುದಿನ ಇಬ್ಬರೂ ಗಾಡಿ ತುಂಬ ಕಲ್ಲು ಹೇರಿಕೊಂಡು ಅಲ್ಲಿಯ ಏರು ಹತ್ತಬೇಕು, ಹತ್ತಿದವನಿಗೆ ಕಲ್ಲು ಸಾಗಿಸುವ ಪೂರ್ತಿ ಕೆಲಸ ಎಂದಿದ್ದ ಕಂಟ್ರಾಕ್ಟರ್. ಸೋತರೆ ಚಾಮಯ್ಯ ಗಾಡಿ ಮಾರಿ ಇನ್ನೊಬ್ಬರ ಲಾರಿಗೆ ಕೂಲಿ ಡ್ರೈವರ್ ಆಗಬೇಕಿತ್ತು. ಅಷ್ಟರಲ್ಲಿ ಹೋಟೆಲಿನಲ್ಲಿ ಸುದ್ದಿ ಸಿಕ್ಕಿತು. ಗೋವಿಂದರಾಜು ಗಿಯರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಶಾಫ್ಟನ್ನು ದಪ್ಪನೆಯದಕ್ಕೆ ಬದಲಿಸಿದ್ದಾನಂತೆ, ಹಿಂದಿನ ಚಕ್ರಗಳನ್ನು ತಿರುಗಿಸಲು ಮದರಾಸಿನಿಂದ ಗಟ್ಟಿ ಉಕ್ಕಿನ ಆಕ್ಸಲ್ ತರಿಸಿದ್ದಾನಂತೆ. ಚಾಮಯ್ಯ ಅರ್ಧ ಕಾಫಿ ಬಿಟ್ಟು ಎದ್ದ.

ಆ ಆಕ್ಸಲ್‌ಗಳು ಈಗ ಅವನ ಕೈಯಲ್ಲಿದ್ದವು. ಸೀಮೆಎಣ್ಣೆಯಲ್ಲಿ ತೊಳೆದು, ಕಪ್ಪು ಬಳಿದು, ತುದಿಗೆ ದಪ್ಪಗೆ ಅರಿಶಿನ ಮೆತ್ತಿದ್ದರು. ಕಬ್ಬಿಣಕ್ಕೂ ಎಂಥ ವೈಭವ ಎಂದು ಹಲ್ಲು ಕಡಿದ. ಹೊರಗೆ ಗೋವಿಂದರಾಜುವಿನ ಪಿಕಪ್ ಬಾಳೆಕಂದು ಕಟ್ಟಿಸಿಕೊಂಡು ನಿಂತಿತ್ತು. ಅದರ ಚಕ್ರಗಳಡಿ ನಿಂಬೆಹಣ್ಣು ಅಪ್ಪಚ್ಚಿಯಾಗಿತ್ತು.

ಚಾಮಯ್ಯ ತನ್ನ ಗಾಡಿಯನ್ನು ಶೆಡ್ಡಿನ ಹಿಂದೆ ನಿಲ್ಲಿಸಿದ್ದ. ಆ ಮಿಲಿಟರಿ ಗಾಡಿಗಳಲ್ಲಿ ಚಕ್ರ ಕಳಚುವ ರಗಳೆಯಿಲ್ಲ, ನಟ್ಟು ಬಿಚ್ಚಿದರೆ ಆಕ್ಸಲ್ ಹೊರಕ್ಕೆ ಜಾರುತ್ತದೆ. ತನ್ನವನ್ನು ಎಳೆದು ಇವನ್ನು ತೂರಿಸಿದ. ತನ್ನ ಹಳೆಯವಕ್ಕೆ ಕಪ್ಪು ಬಳಿದು, ಅರಿಶಿನ ಮೆತ್ತಿ, ಹಾರ ಹೊದಿಸಿ, ದೇವಿಯ ಮುಂದೆ ಮಲಗಿಸಿದ. ಹೊರಡುವಾಗ ಕೈಮುಗಿಯುವುದನ್ನೂ ಮರೆಯಲಿಲ್ಲ, ಪುಣ್ಯಾತ್ಮ.

ಪಂದ್ಯದ ಬೆಳಿಗ್ಗೆ ಅವನು ಶಿಳ್ಳೆ ಹಾಕುತ್ತಲೇ ಬಂದ. ಮೊದಲು ಗೋವಿಂದರಾಜುವಿನ ಸರದಿ. ನನ್ನ ಹಳೇ ಕಬ್ಬಿಣ ಈ ಏರಿನಲ್ಲಿ ಲಟಕ್ಕೆನ್ನುತ್ತದೆ ಎಂದು ಚಾಮಯ್ಯ ಕಿವಿಗೊಟ್ಟು ಕಾದ. ಸದ್ದೇನೂ ಬರಲಿಲ್ಲ. ಕಲ್ಲು ಹೊತ್ತ ಪಿಕಪ್ ಉಸಿರು ಕಟ್ಟದೆ ಮೇಲೆ ಹೋಗಿ ನಿಂತಿತು. ಚಾಮಯ್ಯನಿಗೆ ಅರ್ಥವಾಗಲಿಲ್ಲ. ಅದೃಷ್ಟವೂ ಅವನ ಮನೆಯ ಜೀತಕ್ಕಿದೆ ಎಂದು ಶಪಿಸುತ್ತ ತನ್ನ ಗಾಡಿ ಏರಿದ.

ಅರ್ಧ ಏರಿನಲ್ಲಿ ಲಟಕ್ಕೆಂದದ್ದು ಚಾಮಯ್ಯನದು. ಗಾಡಿ ಹಿಂದಕ್ಕೆ ಜಾರಿ ಚರಂಡಿಗೆ ಇಳಿಯಿತು, ಕಲ್ಲೆಲ್ಲ ರಸ್ತೆಗೆ ಚೆಲ್ಲಿತು. ಕಂಟ್ರಾಕ್ಟರ್ ಗೋವಿಂದರಾಜುವಿನ ಕೈ ಕುಲುಕಿದ.

ಪಂದ್ಯ ನೋಡಲು ಬಂದಿದ್ದ ವರ್ಕ್‌ಶಾಪಿನ ಮರಿಯಯ್ಯ ಮೇಸ್ತ್ರಿ ಓಡಿ ಬಂದು, ಮುರಿದ ಆಕ್ಸಲ್ ಎಳೆದು, ತುದಿಯಲ್ಲಿ ಉಳಿದಿದ್ದ ಅರಿಶಿನವನ್ನು ಒರೆಸಿದರು. ಅಡಿಯಲ್ಲಿ ಉಳಿಯಿಂದ ಹೊಡೆದ ಗೀಟು ಕಂಡಿತು.

"ಬಿರುಕು ಬುಟ್ಟದೆ ಅಂತ ನಾನೇ ಹೊಡೆದ ಗುರುತು ಕಣ್ರೀ ಇದು," ಎಂದರು ಗೋವಿಂದರಾಜುವಿಗೆ. "ನಿಮ್ಮ ಹಳೇ ಆಕ್ಸಲ್. ಹೊಸವನ್ನ ಹಬ್ಬದ ಮುಂಚೇನೇ ನಿಮ್ಮ ಗಾಡಿಗೆ ಹಾಕ್ಬುಟ್ಟಿದ್ನಲ್ಲ."

ಗೋವಿಂದರಾಜು ಬಗ್ಗಿ ನೋಡಿದ. ಇಷ್ಟು ವರ್ಷ ಅನ್ನ ಹಾಕಿದ ಕಬ್ಬಿಣವನ್ನು ಗುಜರಿಗೆ ಹಾಕಬೇಡ, ಪೂಜೆ ಮಾಡಿ ಹೊಳೆಗೆ ಬಿಡು ಎಂದು ತಾಯಿ ಹೇಳಿದ್ದರಂತೆ. ಹಾರದ ಸಮೇತ ಬಿಟ್ಟೂ ಬಂದಿದ್ದನಂತೆ. ಅವನು ನಿಧಾನವಾಗಿ ತಲೆಯೆತ್ತಿದ.

"ಹಂಗಾದ್ರೆ ಚಾಮಣ್ಣ, ನಿನ್ನೆ ನಾನು ಕಾವೇರಿಗೆ ಬುಟ್ಟು ಬಂದಿದ್ದು ಯಾರ ಆಕ್ಸಲ್?"