ಕಾಯುವವರಿಲ್ಲದ ಹಿಂಡು

ಹುಲ್ಲಿನ ಮರೆಯಲ್ಲಿ ಎರಡು ನರಿಗಳು ಬರುತ್ತಿರುವುದನ್ನು ಮೊದಲು ಕಂಡವಳು ಮಾಳವ್ವ. ತೆರೆದ ಜೀಪಿನಲ್ಲಿ ಎದ್ದು ನಿಂತವಳೇ ಬಾಯಿಗೆ ಕೈ ಅಡ್ಡ ಹಿಡಿದು ಗಟ್ಟಿಯಾಗಿ ಕೂಗು ಹಾಕಿದಳು. ತನ್ನೂರು ಯಾವಗಲ್ಲಿನ ಎರೆಹೊಲಗಳಲ್ಲಿ ಕುರಿಹಿಂಡಿನಿಂದ ತೋಳ ಓಡಿಸುವ ಕೂಗು ಅದು. ನರಿಗಳು ಹಿಂದೆ ಸರಿದವು. ನಮ್ಮ ಚಿಗರಿಗಳಂತೆಯೇ ಕಾಣುವ ಅಲ್ಲಿನ ಹುಲ್ಲೆಗಳ ಹಿಂಡೂ ಬೆದರಿ ತಲೆಯೆತ್ತಿತು. ಹಿಂಡಿನ ಅಂಚಿನಲ್ಲಿ ಒಂದು ತಾಯಿ ನೆಲದ ಮೇಲಿದ್ದ ತನ್ನ ಮರಿಯ ಪಕ್ಕ ನಿಂತಿತ್ತು.

ಜೀಪು ನಡೆಸುತ್ತಿದ್ದ ಕಾಬೊ ಹೊರಳಿ ನೋಡಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ಸೊಸೆ ನೀಲಾ ಅತ್ತೆಯ ಸೆರಗು ಹಿಡಿದು ಜಗ್ಗಿದಳು.

“ಅತ್ತಿ, ಕುಂದರ್ರಿ. ಇಲ್ಲಿ ಒದರಬಾರದಂತ್ರಿ. ಇನ್ನೊಮ್ಮೆ ಒದರಿದ್ರ ಗಾಡಿ ಹೊಳ್ಳಿಸ್ತಾನಂತ.”

“ಮರಿ ಈಗರ ಹುಟ್ಟೈತಿ. ಇನ್ನೂ ಕಾಲೂರಿಲ್ಲ. ನಾ ಹ್ಯಾಂಗ ಸುಮ್ನ ಕುಂದರ್ಲಿ?”

“ನರಿಗೂ ಹಸಿವಿರತೈತಂತ್ರಿ. ಇಲ್ಲಿ ಯಾರೂ ನಡುವ ಹೋಗೂದಿಲ್ಲಂತ.”

ಬೋಟ್ಸ್ವಾನಾದಲ್ಲಿ ನಡೆದ ಕುರಿಗಾರರ ಸಮಾವೇಶ ಮುಗಿದ ಮೇಲೆ, ಹಿಂದಿನ ದಿನವೆಲ್ಲ ಮರಳಿನ ದಾರಿಯಲ್ಲಿ ಪ್ರಯಾಣ ಮಾಡಿಸಿ ಅವರನ್ನು ಕಲಹರಿಯ ಈ ಅಭಯಾರಣ್ಯಕ್ಕೆ ಕರೆತಂದಿದ್ದರು. ತನ್ನ ಕೂಗಿನಿಂದ ಜೀಪಿನಲ್ಲಿದ್ದ ಉಳಿದವರ ಖುಷಿ ಕೆಡುವುದು ಬೇಡವೆಂದು ಮಾಳವ್ವ ಕುಳಿತಳು. ಕೈ ಮಾತ್ರ ಇಲ್ಲದ ಕೋಲನ್ನು ಹುಡುಕುತ್ತಿತ್ತು.

ನರಿಗಳು ಮತ್ತೆ ಬಂದವು. ಒಂದು ಎದುರಿಗೆ ಬಂದು ತಾಯಿಯನ್ನು ಕೆಣಕಿತು. ಇನ್ನೊಂದು ಸುತ್ತು ಹಾಕಿ ಮರಿಯ ಬೆನ್ನ ಹಿಂದೆ ಬಂತು. ತೋಳಗಳ ಆಟವೂ ಇದೇ. ಮಾಳವ್ವ ಸೀಟಿನ ಅಂಚಿಗೆ ಸರಿದಳು.

“ಹಿಂದ ನೋಡವ್ವಾ, ಹಿಂದ,” ಎಂದು ಅವಳು ತುಟಿಯಲ್ಲೇ ಅಂದಳು.

ತಾಯಿ ಗಕ್ಕನೆ ತಿರುಗಿತು. ಕೊಂಬಿನ ಏಟಿಗೆ ನರಿ ಮರಳಿನಲ್ಲಿ ಉರುಳಿ, ಎದ್ದು, ಕುಂಟುತ್ತ ಓಡಿತು. ಇನ್ನೊಂದು ಅದರ ಹಿಂದೆಯೇ ಹೋಯಿತು. ಮರಿ ಎದ್ದು ಬಿತ್ತು, ಮತ್ತೆ ಎದ್ದಿತು. ಸ್ವಲ್ಪ ಹೊತ್ತಿಗೆ ತಾಯಿಯ ಪಕ್ಕದಲ್ಲಿ ತಡವರಿಸುತ್ತ ಹಿಂಡು ಸೇರಿಕೊಂಡಿತು.

“ಭಾಳ ಶಾಣ್ಯಾಕಿ ಅದಾಳ,” ಎಂದಳು ಮಾಳವ್ವ. ನೀಲಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಕಾಬೊ ನಕ್ಕು ತಲೆಯಾಡಿಸಿದ.

ಮಾಳವ್ವ ಹಿಂಡನ್ನೇ ನೋಡುತ್ತ ಕುಳಿತಳು. ಬಯಲಿನ ಅಂಚಿನತನಕ ಹುಲ್ಲೆಗಳಿದ್ದವು. ಸಂಜೆಗೆ ಇವನ್ನು ಹೊಡೆದುಕೊಂಡು ಹೋಗಿ ತಟ್ಟಿಯೊಳಗೆ ಕೂಡಿಹಾಕಬೇಕಿಲ್ಲ. ಕುಂಟುವುದಕ್ಕೆ ಮದ್ದು ಹಚ್ಚಬೇಕಿಲ್ಲ. ಒಂದು ಕಡಿಮೆಯಾದರೆ ಯಾರೂ ತನ್ನನ್ನು ಕೇಳುವುದಿಲ್ಲ. ಚಪ್ಪಲಿ ಬಿಟ್ಟು, ಕಾಲು ಮೇಲೆಳೆದುಕೊಂಡು, ತಲೆಯನ್ನು ಹಿಂದಕ್ಕೆ ಒರಗಿಸಿದಳು. ಎಳೆಬಿಸಿಲು ಹಿತವಾಗಿತ್ತು.

ಅರ್ಧ ತಾಸಿನ ಮೇಲೆ, ಹಿಂಡಿನ ಅಂಚಿನಲ್ಲೇ ಸಾಗುತ್ತಿದ್ದ ಜೀಪು ಮೆಲ್ಲಗೆ ನಿಂತಿತು. ಎಲ್ಲರೂ ಉಸಿರು ಬಿಗಿಹಿಡಿದು ಕ್ಯಾಮೆರಾ ಎತ್ತಿದರು. ನೀಲಾ ಅತ್ತೆಯ ಭುಜ ಅಲುಗಿಸಿದಳು.

“ಅತ್ತಿ, ಏಳ್ರಿ. ಸಿಂಹ ಬಂದೈತಿ. ಇದನ್ನ ನೋಡಾಕ ಮಂದಿ ಎಲ್ಲೆಲ್ಲಿಂದೋ ಬರ್ತಾರ.”

ಮಾಳವ್ವ ಕಣ್ಣು ತೆರೆಯಲಿಲ್ಲ.

“ನೀ ನೋಡವಾ. ಎಂಟು ವರ್ಷದಾಕಿ ಇದ್ದಾಗ ಕೋಲು ಹಿಡದೀನಿ. ಹಿಂಡು ಹೊರಗಿದ್ದಾಗ ನಾ ಮಲಗಿದ್ದು ಇವತ್ತ ಮೊದಲನೇ ಸಲ.”